ಕೊಳವೆ ತಿನ್ನುವ ನೀರು, ಅರ್ಧ ಟನ್ನು ಸುಣ್ಣದಕಲ್ಲು

ಮನೆಮನೆಗೆ ನಲ್ಲಿ ಬಂದಿದೆ ಎಂದು ಸರಕಾರ ಜಾಹೀರಾತು ಹಾಕುತ್ತದೆ. ಬಂದಿಲ್ಲವೆಂದು ನಾವು ಹೇಳುವುದಿಲ್ಲ. ಬಂದ ಕಡೆ ಬಂದಿದೆ, ಹೆಂಗಸರ ತಲೆಯ ಮೇಲಿನ ಕೊಡ ಇಳಿದಿದೆ, ಅದು ಸಣ್ಣ ಮಾತಲ್ಲ. 2019ರ ಆಗಸ್ಟ್ 15ರಂದು ಸಾರಿದ ಜಲ ಜೀವನ್ ಮಿಷನ್, ಹಳ್ಳಿಯ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರು ನೀರು ಎಂದು ಲೆಕ್ಕ ಕಟ್ಟಿತು. 2024ಕ್ಕೆ ಮುಗಿಯಬೇಕಾಗಿದ್ದ ಕೆಲಸಕ್ಕೆ 2028ರವರೆಗೆ ವಾಯಿದೆ ಕೊಟ್ಟದ್ದೂ ಆಯಿತು. ಎಷ್ಟು ಮನೆ, ಎಷ್ಟು ಉದ್ದದ ಕೊಳವೆ, ಎಷ್ಟು ಕೋಟಿ ರೂಪಾಯಿ, ಯಾವ ಮಂತ್ರಿಯ ಹಸ್ತದಿಂದ ಉದ್ಘಾಟನೆ, ಎಲ್ಲದಕ್ಕೂ ಕಾಗದದಲ್ಲಿ ಕಾಲಮ್ಮುಗಳಿವೆ. ಒಂದೇ ಒಂದು ಪ್ರಶ್ನೆಗೆ ಕಾಲಮ್ಮಿಲ್ಲ. ತೊಟ್ಟಿಯಿಂದ ಹೊರಟ ನೀರು ನಲ್ಲಿಯ ಬಾಯಿಗೆ ಬರುವಷ್ಟರಲ್ಲಿ ದಾರಿಯಲ್ಲಿ ಏನನ್ನು ತಿಂದುಕೊಂಡು ಬರುತ್ತದೆ?

ನೀರು ತಿನ್ನುತ್ತದೆಯೇ ಎಂದು ನಗುವವರು ನಗಲಿ. ನೀರಿಗೂ ಹಸಿವಿದೆ. ಮಳೆಯ ನೀರು ಗಾಳಿಯಿಂದಲೂ, ಕಾಡಿನ ಕೊಳೆತ ಎಲೆಯ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಕುಡಿದು ತುಸು ಹುಳಿಯಾಗುತ್ತದೆ. ಸುಣ್ಣದಕಲ್ಲಿನ ನೆಲದ ಮೇಲೆ ಹರಿದರೆ ಆ ಹುಳಿ ಕಲ್ಲನ್ನೇ ಕರಗಿಸಿ ತಣಿಯುತ್ತದೆ. ನಮ್ಮ ಸಹ್ಯಾದ್ರಿಯ ಬಂಡೆ ಅಂಥದಲ್ಲ, ಅದು ಕರಗಲೊಲ್ಲದ ಕಗ್ಗಲ್ಲು. ಮೇಲೆ ಮುರಕಲ್ಲು, ಕೆಮ್ಮಣ್ಣು. ಅದರ ಮೇಲೆ ನಾಲ್ಕು ತಿಂಗಳು ಸುರಿದ ಮಳೆ ತುಂಗೆಯಾಗಿ, ಶರಾವತಿಯಾಗಿ, ನೇತ್ರಾವತಿಯಾಗಿ, ಕಾಳಿಯಾಗಿ ಹರಿಯುವಾಗ ನೀರಿನಲ್ಲಿ ಖನಿಜವೆಂಬುದು ಬಹಳ ಕಡಿಮೆ. ಮಲೆನಾಡಿನ ಗೃಹಿಣಿಗೆ ಇದನ್ನು ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿಲ್ಲ. ಚೂರು ಸೋಪಿಗೆ ಬಕೆಟ್ ತುಂಬ ನೊರೆ, ಹಂಡೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುವುದಿಲ್ಲ. ಬಯಲುಸೀಮೆಯಿಂದ ಬಂದ ನೆಂಟರ ಮುಂದೆ ನಮ್ಮ ನೀರಿನ ರುಚಿಯನ್ನು ಹೊಗಳಿಕೊಂಡದ್ದೇ ಹೊಗಳಿಕೊಂಡದ್ದು. ಹೊಗಳಿಕೆ ಸುಳ್ಳಲ್ಲ. ಆದರೆ ಹಸಿದ ಈ ನೀರು ಮಣ್ಣಿನ ಕೊಡದಲ್ಲಿದ್ದಾಗ ಸಾಧು, ಲೋಹದ ಕೊಳವೆ ಹೊಕ್ಕಾಗ ಬೇರೆಯೇ. ತಗಡು ಬಳಿದ ಕಬ್ಬಿಣದ ಕೊಳವೆಯ ಸತುವನ್ನು ತಿನ್ನುತ್ತದೆ, ಅದು ಮುಗಿದ ಮೇಲೆ ಕಬ್ಬಿಣವನ್ನು. ತಾಮ್ರವನ್ನು ತಿಂದು ಬಚ್ಚಲ ಕಲ್ಲಿನ ಮೇಲೆ ಹಸಿರು ಕಲೆ ಬಿಡುತ್ತದೆ. ಸಿಮೆಂಟಿನ ತೊಟ್ಟಿಯ ಗೋಡೆಯಿಂದ ಸುಣ್ಣವನ್ನು ಹೀರುತ್ತದೆ. ಅಗ್ಗದ ಹಿತ್ತಾಳೆ ನಲ್ಲಿಯಲ್ಲಿ ಬೆರೆತ ಸೀಸವನ್ನು, ಬೆಸುಗೆಯ ಸೀಸವನ್ನು, ಹಳೆಯ ಪಿವಿಸಿ ಕೊಳವೆ ಗಟ್ಟಿಯಾಗಿ ನಿಲ್ಲಲೆಂದು ಬೆರೆಸಿದ ಸೀಸದ ಲವಣವನ್ನು ಬಿಡಿಸಿಕೊಂಡು ಬರುತ್ತದೆ. ಪಿವಿಸಿ ಕೊಳವೆಗೆ ಸೀಸ ಬೆರೆಸುವುದನ್ನು ತಡೆಯುವ ನಿಯಮವನ್ನು ಭಾರತ ಸರಕಾರ ಮಾಡಿದ್ದು 2021ರಲ್ಲಿ. ಅದಕ್ಕೆ ಮೊದಲು ನೆಲದಲ್ಲಿ ಹೂತ ಕೊಳವೆಗಳನ್ನು ಯಾರೂ ಅಗೆದು ತೆಗೆದಿಲ್ಲ.

ಸೀಸವೆಂದರೇನೆಂದು ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವುದಿಲ್ಲ. ಮಗುವಿನ ರಕ್ತದಲ್ಲಿ ಇಷ್ಟಿದ್ದರೆ ಚಿಂತೆಯಿಲ್ಲ ಎಂಬ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬುದ್ಧಿ ಮಂಕಾದ ಮಗುವನ್ನು ಮೇಷ್ಟರು ದಡ್ಡನೆಂದು ಹೊಡೆಯುತ್ತಾರೆ. ನಲ್ಲಿಯನ್ನು ಯಾರೂ ಸಂಶಯದಿಂದ ನೋಡುವುದಿಲ್ಲ.

ಮಲೆನಾಡಿನ ಮೂಲೆಯಲ್ಲಿ ಕೂತು ಹೀಗೆ ಹೆದರಿಸುತ್ತಾರೆ ಎನ್ನುವವರು ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ನಗರದ ಕತೆಯನ್ನು ಕೇಳಬೇಕು. ಜಗತ್ತಿನಲ್ಲೇ ಹೆಚ್ಚು ಸಿರಿವಂತ ದೇಶ, ಕೈಗೊಬ್ಬ ಇಂಜಿನಿಯರು, ಕಾಲಿಗೊಬ್ಬ ವಕೀಲ. ಆ ದೇಶದಲ್ಲಿ ನಡೆದದ್ದು.

ಫ್ಲಿಂಟ್ ಸಾಮಾನ್ಯ ಊರಲ್ಲ. ಜನರಲ್ ಮೋಟಾರ್ಸ್ ಕಂಪನಿ 1908ರಲ್ಲಿ ಹುಟ್ಟಿದ್ದು ಅಲ್ಲಿ. ಅದೇ ಕಂಪನಿಯ ಕಾರ್ಖಾನೆಗಳಲ್ಲಿ 1936ರ ಡಿಸೆಂಬರ್ 30ರಿಂದ 44 ದಿನ ಕಾರ್ಮಿಕರು ಯಂತ್ರಗಳ ಪಕ್ಕದಲ್ಲಿ ಕೂತು, ಹೊರಗೆ ಹೋಗದೆ, ಮುಷ್ಕರ ಹೂಡಿ ತಮ್ಮ ಸಂಘಕ್ಕೆ ಮನ್ನಣೆ ಗಿಟ್ಟಿಸಿದ್ದೂ ಅಲ್ಲೇ. ಕೂತು ಹೂಡುವ ಮುಷ್ಕರವೆಂದರೆ ಏನೆಂದು ಜಗತ್ತಿನ ದುಡಿಯುವ ಜನರಿಗೆ ತೋರಿಸಿಕೊಟ್ಟ ಊರುಗಳಲ್ಲಿ ಅದೂ ಒಂದು. ಬಂಡವಾಳ ತನ್ನ ಲಾಭ ಹುಡುಕಿಕೊಂಡು ಬೇರೆಡೆಗೆ ಹೋಯಿತು. 1960ರಲ್ಲಿ ಎರಡು ಲಕ್ಷದ ಹತ್ತಿರ ಇದ್ದ ಜನ ಒಂದು ಲಕ್ಷಕ್ಕಿಳಿದರು. ಉಳಿದವರಲ್ಲಿ ಹೆಚ್ಚಿನವರು ಕರಿಯರು, ನೂರಕ್ಕೆ ನಲವತ್ತು ಮಂದಿ ಕಡುಬಡವರು. ನಗರಸಭೆಯ ಬೊಕ್ಕಸ ಬರಿದಾಯಿತೆಂದು ರಾಜ್ಯ ಸರಕಾರ 2011ರಲ್ಲಿ ತನ್ನ ಒಬ್ಬ ತುರ್ತು ಆಡಳಿತಗಾರನನ್ನು ತಂದು ಕೂರಿಸಿತು. ಚುನಾಯಿತ ಸಭೆ ಗೊಂಬೆಯಾಯಿತು. ಇಂಥ ಆಡಳಿತಗಾರರ ಅಧಿಕಾರದ ಕಾನೂನನ್ನು ಮಿಶಿಗನ್ನಿನ ಮತದಾರರು 2012ರ ನವೆಂಬರಿನಲ್ಲಿ ಮತ ಹಾಕಿ ತಿರಸ್ಕರಿಸಿದರು. ಮುಂದಿನ ತಿಂಗಳೇ ಶಾಸನಸಭೆ ಅದೇ ಬಗೆಯ ಇನ್ನೊಂದು ಕಾನೂನನ್ನು ಮಾಡಿತು, ಅದೂ ಮತದಾರರು ಮತ್ತೆ ಮುಟ್ಟಲಾಗದಂತೆ ಅದಕ್ಕೊಂದು ಹಣದ ಅನುದಾನವನ್ನು ಹೊಲಿದು. ಜನ ಬೇಡವೆಂದದ್ದನ್ನು ಹಿತ್ತಿಲ ಬಾಗಿಲಿನಿಂದ ತರುವ ವಿದ್ಯೆಯಲ್ಲಿ ನಮ್ಮ ವಿಧಾನಸೌಧದವರೊಬ್ಬರೇ ಪಂಡಿತರಲ್ಲ.

ಅದುವರೆಗೆ ಫ್ಲಿಂಟಿಗೆ ಡೆಟ್ರಾಯಿಟ್ ನಗರದಿಂದ ಹ್ಯೂರಾನ್ ಸರೋವರದ ನೀರು ಬರುತ್ತಿತ್ತು. ಹೊಸ ಕೊಳವೆ ಮಾರ್ಗ ಸಿದ್ಧವಾಗುವವರೆಗೆ ಎರಡು ವರ್ಷದಲ್ಲಿ 50 ಲಕ್ಷ ಡಾಲರಿನಷ್ಟು ಉಳಿಸಬಹುದೆಂದು ಲೆಕ್ಕ ಹಾಕಿ, 2014ರ ಏಪ್ರಿಲ್ 25ರಂದು ಊರಿನ ನಡುವೆ ಹರಿಯುವ ಫ್ಲಿಂಟ್ ನದಿಗೆ ಕೊಳವೆ ತಿರುಗಿಸಿದರು. ಆ ನದಿಯ ನೀರಿನಲ್ಲಿ ಕ್ಲೋರೈಡು ಸರೋವರದ ನೀರಿಗಿಂತ ಎಂಟು ಪಟ್ಟು ಹೆಚ್ಚು, ಲೋಹವನ್ನು ಕೊರೆಯುವ ನೀರು. ಡೆಟ್ರಾಯಿಟ್ಟಿನವರು 1996ರಿಂದ ನೀರಿಗೆ ಚೂರು ರಂಜಕದ ಲವಣ ಬೆರೆಸುತ್ತಿದ್ದರು. ಅದು ಕೊಳವೆಯ ಒಳಮೈಗೆ ತೆಳುವಾದ ಪೊರೆ ಕಟ್ಟಿ ಸೀಸ ಕರಗದಂತೆ ಕಾಯುತ್ತಿತ್ತು. ಫ್ಲಿಂಟಿನವರು ಅದನ್ನು ಬೆರೆಸಲೇ ಇಲ್ಲ. ದಿನಕ್ಕೆ ಸುಮಾರು 100 ಡಾಲರಿನಲ್ಲಿ ಆಗಿಹೋಗುತ್ತಿದ್ದ ಕೆಲಸ ಎಂದು ಆಮೇಲೆ ತಜ್ಞರು ಲೆಕ್ಕ ತೆಗೆದರು. ಮೊದಲು ಆರಾರು ತಿಂಗಳಿನಂತೆ ಎರಡು ಸಲ ಪರೀಕ್ಷೆ ಮಾಡೋಣ, ಆಮೇಲೆ ಔಷಧಿಯ ಮಾತು ಎಂದು ರಾಜ್ಯದ ಇಲಾಖೆ ನಿಯಮಕ್ಕೆ ಅರ್ಥ ಹಚ್ಚಿತು. ಅಂದರೆ ಒಂದು ವರ್ಷ ಊರಿನ ಮಕ್ಕಳೇ ಪ್ರಯೋಗದ ಇಲಿಗಳು.

ಈಗ ಓದುಗರು ಗಮನವಿಟ್ಟು ಕೇಳಬೇಕಾದ ಸಂಗತಿ. 2014ರ ಅಕ್ಟೋಬರಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಎಂಜಿನ್ ಕಾರ್ಖಾನೆಯವರು, ಈ ನೀರಿನಿಂದ ನಮ್ಮ ಎಂಜಿನ್ನಿನ ಬಿಡಿಭಾಗಗಳು ತುಕ್ಕು ಹಿಡಿಯುತ್ತಿವೆ, ನಮಗಿದು ಬೇಡ ಎಂದರು. ಬೇಡವೆಂದ ಕೂಡಲೆ ಅವರಿಗೆ ಮತ್ತೆ ಸರೋವರದ ನೀರು ಸಿಕ್ಕಿತು. ಅದೇ ನೀರು ಬೀದಿಯಾಚೆಯ ಮನೆಗಳಲ್ಲಿ ಕಂದು ಬಣ್ಣವಾಗಿ ಸುರಿಯುತ್ತಿತ್ತು. ಬಾಟಲಿ ಹಿಡಿದುಕೊಂಡು ತಾಯಂದಿರು ಸಭೆಗಳಿಗೆ ಬಂದರು, ಮೈಮೇಲಿನ ಬೊಕ್ಕೆ ತೋರಿಸಿದರು. 2015ರ ಜುಲೈಯಲ್ಲೂ ರಾಜ್ಯದ ಪರಿಸರ ಇಲಾಖೆಯ ವಕ್ತಾರ, ಸೀಸದ ಚಿಂತೆ ಬಿಟ್ಟು ನಿರಾಳವಾಗಿರಿ ಎಂದು ಬುದ್ಧಿ ಹೇಳಿದ. ಕಬ್ಬಿಣಕ್ಕೆ ಬೇಡವಾದ ನೀರನ್ನು ಇನ್ನೂ ಒಂದು ವರ್ಷ ಕೂಸುಗಳಿಗೆ ಕುಡಿಸಿದರು. ಎಂಜಿನ್ನಿಗೆ ಮಾಲೀಕನಿದ್ದ. ಕೂಸಿಗೆ ಬರಿಯ ತಾಯಿ ಇದ್ದಳು.

ಒಂದು ಮನೆಯ ನಲ್ಲಿಯ ನೀರಿನಲ್ಲಿ ಸೀಸ ಎಷ್ಟೋ ಪಟ್ಟು ಮೀರಿದ್ದನ್ನು ಕಂಡು ಕೇಂದ್ರದ ಪರಿಸರ ಸಂಸ್ಥೆಯ ಮಿಗೆಲ್ ಡೆಲ್ ಟೊರಾಲ್ 2015ರ ಜೂನಿನಲ್ಲಿ ಎಚ್ಚರಿಕೆಯ ಟಿಪ್ಪಣಿ ಬರೆದ. ಮೇಲಿನವರು ಅದನ್ನು ಒತ್ತಿಟ್ಟರು. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಮಾರ್ಕ್ ಎಡ್ವರ್ಡ್ಸ್ ಮತ್ತು ಅವರ ವಿದ್ಯಾರ್ಥಿಗಳು ಊರಿನ ಜನರ ಕೈಯಲ್ಲೇ ನೂರಾರು ಬಾಟಲಿ ತುಂಬಿಸಿ ಅಳೆದರು. ಇರಾಕಿನಿಂದ ವಲಸೆ ಬಂದ ಕುಟುಂಬದ ಮಗಳು, ಮಕ್ಕಳ ವೈದ್ಯೆ ಮೋನಾ ಹನ್ನಾ-ಅತ್ತೀಶಾ, ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತದ ಸೀಸ ಮಿತಿ ಮೀರಿದವರು ನೂರಕ್ಕೆ 2.4 ಇದ್ದದ್ದು 4.9 ಆಗಿದೆಯೆಂದು 2015ರ ಸೆಪ್ಟೆಂಬರ್ 24ರಂದು ಪತ್ರಿಕೆಗಳ ಮುಂದೆ ಹೇಳಿದರು. ಅವರನ್ನೂ ಮೊದಲು ಸುಳ್ಳುಗಾತಿಯೆಂಬಂತೆ ನಡೆಸಿಕೊಂಡರು. ಕೊನೆಗೆ ಅಕ್ಟೋಬರ್ 16ರಂದು ಹಳೆಯ ನೀರಿಗೆ ಮರಳಿದರು. ನಡುವೆ ಲೀಜನೇರ್ ಎಂಬ ಶ್ವಾಸಕೋಶದ ರೋಗ ಎದ್ದು 12 ಮಂದಿ ಸತ್ತಿದ್ದರು. 50 ಲಕ್ಷ ಡಾಲರ್ ಉಳಿಸಹೊರಟವರು ಪರಿಹಾರಕ್ಕೆಂದು ಒಪ್ಪಿಕೊಂಡದ್ದು 62 ಕೋಟಿ 60 ಲಕ್ಷ ಡಾಲರ್. ಮಾಜಿ ಗವರ್ನರ್ ಸೇರಿ ಒಂಬತ್ತು ಮಂದಿಯ ಮೇಲೆ 2021ರಲ್ಲಿ ಹೂಡಿದ ಮೊಕದ್ದಮೆಗಳು 2023ರ ಹೊತ್ತಿಗೆ ಒಂದೂ ನಿಲ್ಲದೆ ಬಿದ್ದುಹೋದವು. ಸುಮಾರು 11,000 ಸೀಸದ ಕೊಳವೆಗಳನ್ನು ಅಗೆದು ಬದಲಾಯಿಸಿ ಮುಗಿಯಿತೆಂದು ನ್ಯಾಯಾಲಯಕ್ಕೆ ತಿಳಿಸುವಾಗ 2025 ಬಂದಿತ್ತು. ನೀರು ತಿರುಗಿಸಿದಾಗ ತೊಟ್ಟಿಲಲ್ಲಿದ್ದ ಮಗು ಅಷ್ಟರಲ್ಲಿ ಹೈಸ್ಕೂಲಿನ ಬಾಗಿಲಿಗೆ ಬಂದಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಆಗಬಾರದು. ಫ್ಲಿಂಟ್ ನದಿಯ ನೀರು ನಮ್ಮ ತುಂಗೆಯಂತೆ ಮೃದುವಲ್ಲ. ಅಲ್ಲಿನ ರೋಗ ಕ್ಲೋರೈಡಿನದು, ಅದಕ್ಕೆ ಮದ್ದು ರಂಜಕ. ನಮ್ಮಂಥ ಬೆಟ್ಟದ ಹೊಳೆಗಳ ರೋಗ ಹುಳಿ ಮತ್ತು ಖನಿಜದ ಬಡತನ, ಅದಕ್ಕೆ ಮದ್ದು ಸುಣ್ಣದಕಲ್ಲು. ಎರಡು ಮದ್ದೂ ನೆಲದಿಂದ ಅಗೆಯುವ ಕಲ್ಲಿನವೇ. ರಂಜಕದ ಲವಣವೂ ಫಾಸ್ಫೇಟ್ ಬಂಡೆಯಿಂದ ಬರುತ್ತದೆ. ಆದರೆ ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ನಾಟಿವೈದ್ಯವಾದೀತು. ಫ್ಲಿಂಟನ್ನು ನಾವು ಎತ್ತಿಕೊಂಡದ್ದು ಮದ್ದಿಗಾಗಿ ಅಲ್ಲ, ಆಳುವವರ ಮನಸ್ಸನ್ನು ತೋರಿಸುವುದಕ್ಕೆ.

ನಮ್ಮ ರೋಗಕ್ಕೆ ಹತ್ತಿರದ ಉದಾಹರಣೆ ಬೇಕಾದರೆ ಬ್ರಿಟನ್ನಿಗೆ ಹೋಗಬೇಕು. ಶೆಫೀಲ್ಡ್ ನಗರ ಚಾಕು ಕತ್ತರಿಗಳ ಊರು, ದುಡಿಯುವವರ ಊರು. ಅದಕ್ಕೆ ನೀರು ಬರುತ್ತಿದ್ದದ್ದು ಪಾಚಿ ಕೊಳೆತ ಹುಳಿಮಣ್ಣಿನ ಬೆಟ್ಟಗಳಿಂದ, ಮನೆಗಳಿಗೆ ಇದ್ದದ್ದು ಸೀಸದ ಕೊಳವೆ. 1880ರ ದಶಕದಲ್ಲಿ ಅಲ್ಲಿ ಸೀಸದ ವಿಷ ಏರಿತು. ಹಸಿದ ನೀರಿಗೆ ಸೀಮೆಸುಣ್ಣದ ಪುಡಿ ಉಣಿಸಿದರೆ ಹಸಿವು ತಣಿಯುತ್ತದೆಂದು ಆಗಲೇ ಕಂಡುಕೊಂಡರು, ಉಣಿಸಿದರು. ಇದು ನೂರಿಪ್ಪತ್ತು ವರ್ಷಕ್ಕೂ ಹಳೆಯ ವಿದ್ಯೆ. ಗ್ಲಾಸ್ಗೋ ನಗರದ ಕತೆ ಇನ್ನೂ ವಿಚಿತ್ರ. ಕ್ಯಾಟ್ರಿನ್ ಸರೋವರದಿಂದ ಅದಕ್ಕೆ ನೀರು ತಂದ ಕಾಮಗಾರಿಯನ್ನು 1859ರಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ತೆರೆದಳು. ಗಾಜಿನಂಥ ನೀರು, ಜಗತ್ತೇ ಹೊಗಳಿದ ನೀರು. ಕಾಲರಾ ಓಡಿಸಿದ ಪುಣ್ಯವೂ ಅದಕ್ಕಿದೆ. ಬಾಡಿಗೆಮನೆಗಳ ಸೀಸದ ಕೊಳವೆಗಳನ್ನೂ ಸೀಸ ಹೊದಿಸಿದ ತೊಟ್ಟಿಗಳನ್ನೂ ಆ ಮೃದು ನೀರು ತಲೆಮಾರುಗಟ್ಟಲೆ ನೆಕ್ಕುತ್ತ ಕೂತಿತು. ಅದಕ್ಕೆ ಸುಣ್ಣ ಬೆರೆಸಲು ಶುರುಮಾಡಿದ್ದು 1978ರಲ್ಲಿ. ಬೆರೆಸಿದ ಮೇಲೆ ಬಸುರಿಯರ ರಕ್ತದಲ್ಲಿ ಸೀಸ ಇಳಿಯಿತೆಂದು ವೈದ್ಯರು ಅಳೆದು ತೋರಿಸಿದರು. 1859ರಿಂದ 1978! ಒಂದು ಊರಿನಲ್ಲಿ ಗೊತ್ತಿದ್ದ ಸುಣ್ಣ ಪಕ್ಕದ ನಾಡಿಗೆ ನಡೆದು ಬರಲು ಇಷ್ಟು ದಿನ ಬೇಕಾಯಿತೆಂದರೆ, ಸಮುದ್ರ ದಾಟಿ ನಮ್ಮ ಗ್ರಾಮ ಪಂಚಾಯತಿಗೆ ಬರಲು ಎಷ್ಟು ಬೇಕಾದೀತು?

ನಾರ್ವೆಯಲ್ಲಿಯೂ ಬೆಟ್ಟದ ನೀರು ನಮ್ಮದರಂತೆಯೇ ಮೃದು, ಹುಳಿ. ಅಲ್ಲಿನ ನೀರಿನ ಕಟ್ಟೆಗಳಲ್ಲಿ ಅಮೃತಶಿಲೆಯ ಚೂರುಗಳ ಹಾಸಿನ ಮೂಲಕ ನೀರನ್ನು ಹಾಯಿಸುತ್ತಾರೆ. ಜರ್ಮನಿಯ ಕಾನೂನಿನಲ್ಲಿ, ಶುದ್ಧೀಕರಣ ಘಟಕ ಬಿಟ್ಟು ಹೊರಡುವ ಹುಳಿ ನೀರು ಒಂದು ಲೀಟರಿಗೆ ಇಂತಿಷ್ಟಕ್ಕಿಂತ ಹೆಚ್ಚು ಸುಣ್ಣದಕಲ್ಲನ್ನು ಕರಗಿಸುವಷ್ಟು ಹಸಿದಿರಬಾರದೆಂದು ಮಿಲಿಗ್ರಾಮಿನ ಲೆಕ್ಕದಲ್ಲಿ ಬರೆದಿದ್ದಾರೆ. ನೀರಿನ ಹಸಿವನ್ನು ಲೆಕ್ಕ ಹಾಕುವ ಸೂತ್ರವನ್ನು ಲಾಂಗೆಲಿಯರ್ ಎಂಬ ಅಮೆರಿಕದ ಪ್ರೊಫೆಸರು ಪ್ರಕಟಿಸಿದ್ದು 1936ರಲ್ಲಿ, ಫ್ಲಿಂಟಿನ ಕಾರ್ಮಿಕರು ಯಂತ್ರದ ಪಕ್ಕ ಕೂತ ವರ್ಷವೇ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, 2012ರ ಐಎಸ್ 10500, ತೆಗೆದು ನೋಡಿ. ಸೀಸ ಲೀಟರಿಗೆ 0.01 ಮಿಲಿಗ್ರಾಮ್ ದಾಟಬಾರದು ಎಂದಿದೆ, ಸರಿ. ಪಿಎಚ್ 6.5ರಿಂದ 8.5ರೊಳಗೆ ಇರಬೇಕು ಎಂದಿದೆ, ಅದೂ ಸರಿ. ಗಡಸುತನಕ್ಕೆ, ಕ್ಯಾಲ್ಸಿಯಮ್ಮಿಗೆ, ಕ್ಷಾರಕ್ಕೆ ಮೇಲಿನ ಮಿತಿಯಿದೆ. ಕೆಳಗಿನ ಮಿತಿಯಿಲ್ಲ. ಉಂಡು ಹೊಟ್ಟೆ ಕೆಟ್ಟ ನೀರಿನ ಚಿಂತೆ ಮಾಡಿದವರು ಉಪವಾಸ ಬಿದ್ದ ನೀರನ್ನು ಮರೆತರು. ಬಯಲುಸೀಮೆಯ ಕೊಳವೆಬಾವಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪುಸ್ತಕ ಮಲೆನಾಡಿನ ಹೊಳೆಗೆ ಹೇಗೆ ಒಪ್ಪಬೇಕು?

ಈಗ ಮದ್ದಿನ ಲೆಕ್ಕಕ್ಕೆ ಬರೋಣ. ಕಡಲೆಬೇಳೆ ಗಾತ್ರಕ್ಕೆ ಒಡೆದ ಶುದ್ಧ ಸುಣ್ಣದಕಲ್ಲಿನ ಚೂರುಗಳನ್ನು ಒಂದು ತೊಟ್ಟಿಯಲ್ಲಿ ಮೂರು ನಾಲ್ಕು ಅಡಿ ತುಂಬಿ, ನೀರನ್ನು ಅರ್ಧ ಗಂಟೆ ಅದರೊಳಗೆ ನಿಧಾನವಾಗಿ ಹಾಯಿಸಬೇಕು, ಇಷ್ಟೇ. ನೀರಿನಲ್ಲಿರುವ ಹುಳಿ ಕಲ್ಲನ್ನು ಕರಗಿಸಿಕೊಳ್ಳುತ್ತದೆ. ತಣಿದ ಮೇಲೆ ಕರಗಿಸುವುದನ್ನು ತಾನೇ ನಿಲ್ಲಿಸುತ್ತದೆ. ಇದರ ದೊಡ್ಡಗುಣ ಇದೇ. ಸುಟ್ಟ ಸುಣ್ಣವನ್ನೋ ಕಾಸ್ಟಿಕ್ ಸೋಡಾವನ್ನೋ ಹಾಕುವುದಾದರೆ ಅಳತೆ ತಪ್ಪಿದರೆ ಬಾಯಿ ಸುಡುತ್ತದೆ. ಕಲ್ಲಿನ ಹಾಸಿನಲ್ಲಿ ಅಳತೆ ತಪ್ಪುವ ಮಾತಿಲ್ಲ. ವಿದ್ಯುತ್ತು ಬೇಡ, ಮೇಲಿನಿಂದ ಕೆಳಕ್ಕೆ ಇಳಿಯುವ ನೀರಿನ ಭಾರವೇ ಸಾಕು. ವಾಟರ್‌ಮನ್ ಮಾಡಬೇಕಾದ ಕೆಲಸ ಕಲ್ಲು ಸವೆದಷ್ಟು ಮೇಲೆ ಸುರಿಯುವುದು, ಆಗಾಗ ಹಾಸನ್ನು ತಿರುಗುನೀರಿನಿಂದ ತೊಳೆಯುವುದು.

ಸಾವಿರ ಜನರ ಹಳ್ಳಿ. ತಲೆಗೆ 55 ಲೀಟರಿನಂತೆ ದಿನಕ್ಕೆ 55,000 ಲೀಟರು. ಲೀಟರಿಗೆ 10 ಮಿಲಿಗ್ರಾಮ್ ಇಂಗಾಲಾಮ್ಲದ ಹಸಿವಿದೆ ಎಂದಿಟ್ಟುಕೊಳ್ಳಿ. 44 ಪಾಲು ಇಂಗಾಲಾಮ್ಲಕ್ಕೆ 100 ಪಾಲು ಕಲ್ಲು ಬೇಕು ಎಂಬುದು ಕಾಲೇಜು ಹುಡುಗರ ರಸಾಯನಶಾಸ್ತ್ರ. ಅಂದರೆ ಸಾವಿರ ಲೀಟರಿಗೆ 23 ಗ್ರಾಮ್ ಕಲ್ಲು, ಇಡೀ ಹಳ್ಳಿಗೆ ದಿನಕ್ಕೆ ಒಂದೂಕಾಲು ಕಿಲೋ. ವರ್ಷಕ್ಕೆ ಅರ್ಧ ಟನ್ನಿಗೂ ಕಡಿಮೆ! ಮೊದಲ ಸಲ ಹಾಸು ತುಂಬಲು ನಾಲ್ಕೈದು ಟನ್ನು ಬೇಕಾದೀತು. ಆಮೇಲೆ ಹತ್ತು ಟನ್ನಿನ ಒಂದು ಲಾರಿ ಕಲ್ಲು ಇಪ್ಪತ್ತು ಹಳ್ಳಿಗಳಿಗೆ ಒಂದು ವರ್ಷ. ಈ ಕಲ್ಲು ಚಂದ್ರಲೋಕದಿಂದ ಬರಬೇಕೆ? ಬಾಗಲಕೋಟೆಯಲ್ಲಿದೆ, ಕಲಬುರಗಿಯಲ್ಲಿದೆ. ಸಿಮೆಂಟು ಕಂಪನಿಗಳು ಲಕ್ಷ ಲಕ್ಷ ಟನ್ನು ಸುಟ್ಟು ಚೀಲ ತುಂಬುತ್ತಿರುವುದು ಅದನ್ನೇ. ಕರಾವಳಿಯಲ್ಲಿ ಅಳಿವೆಯ ಚಿಪ್ಪು ಕೂಡ ಇದೇ ಪದಾರ್ಥ. ಆದರೆ ಚಿಪ್ಪಿಗೆಂದು ಅಘನಾಶಿನಿಯಂಥ ಅಳಿವೆಗಳನ್ನು ಇನ್ನಷ್ಟು ಬಗೆಯುವುದನ್ನು ನಾವು ಒಪ್ಪುವುದಿಲ್ಲ. ಅಲ್ಲಿ ಬಳಚು ಹೆಕ್ಕಿ ಹೊಟ್ಟೆ ಹೊರೆಯುವವರು ಬಡವರೇ. ಬಾವಿಗೆ ಮಳೆಗಾಲ ಕಳೆದ ಮೇಲೆ ಸುಣ್ಣ ಹಾಕುತ್ತಿದ್ದ ನಮ್ಮ ಅಜ್ಜಂದಿರು ಸೂತ್ರ ಓದಿರಲಿಲ್ಲ. ನೀರಿನ ಬಾಯಿ ಕಟ್ಟುವುದು ಹೇಗೆಂದು ಅವರಿಗೆ ಗೊತ್ತಿತ್ತು.

ಕಲ್ಲು ಸರ್ವರೋಗ ನಿವಾರಕ ಎಂದು ನಾವು ಹೇಳುತ್ತಿಲ್ಲ. ಅದು ಕ್ರಿಮಿಯನ್ನು ಕೊಲ್ಲುವುದಿಲ್ಲ, ಕ್ಲೋರೀನ್ ಬೇಕೇ ಬೇಕು. ನೀರು ಹುಳಿ ಕಳೆದುಕೊಂಡಂತೆ ಕ್ಲೋರೀನಿನ ಬಲ ಸ್ವಲ್ಪ ತಗ್ಗುವುದರಿಂದ ಅದನ್ನು ಹಾಕುವವನು ನಿದ್ದೆ ಮಾಡಬಾರದು. ಮಳೆಗಾಲದ ಕೆಂಪುನೀರನ್ನು ಸೋಸದೆ ಹಾಯಿಸಿದರೆ ಹಾಸು ಕೆಸರು ಹಿಡಿಯುತ್ತದೆ. ಕಬ್ಬಿಣದಂಶವಿರುವ ನೀರಾದರೆ ಕಲ್ಲಿನ ಮೇಲೆ ತುಕ್ಕಿನ ಪೊರೆ ಕೂತು ಕಲ್ಲು ಸತ್ತುಹೋಗುತ್ತದೆ. ಯಾವುದೋ ಗಣಿಯ ಕಸವನ್ನು ಕಲ್ಲೆಂದು ತಂದು ಸುರಿದರೆ ಅದರಲ್ಲೇ ವಿಷವಿದ್ದೀತು, ಪರೀಕ್ಷಿಸಿಯೇ ಕೊಳ್ಳಬೇಕು. ಡೋಲೊಮೈಟ್ ಕಲ್ಲೂ ಆಗುತ್ತದೆ, ಆದರೆ ಅದು ಬಲು ನಿಧಾನ. ಇದಾವುದೂ ಪಂಚಾಯತಿಯ ಕೈಗೆ ಮೀರಿದ ವಿದ್ಯೆಯಲ್ಲ.

ಹಾಗಾದರೆ ಯಾಕೆ ಆಗಿಲ್ಲ? ಈ ಪ್ರಶ್ನೆಯನ್ನು ಇಟ್ಟುಕೊಂಡು ನಾನೊಮ್ಮೆ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರು ಸಭ್ಯರೇ, ಕುರ್ಚಿ ಕೊಟ್ಟರು, ಚಹಾ ತರಿಸಿದರು. ನೀರು ಪಾಸಾಗಿದೆಯೆಂದು ವರದಿಯನ್ನೂ ತೋರಿಸಿದರು. ಎಲ್ಲಿ ಹಿಡಿದ ನೀರು ಎಂದೆ. ತೊಟ್ಟಿಯಲ್ಲಿ ಎಂದರು. ನಲ್ಲಿಯಲ್ಲಿ, ಬೆಳಿಗ್ಗೆ ಎದ್ದ ಕೂಡಲೆ ಹಿಡಿದದ್ದು ಇದೆಯೇ ಎಂದೆ. ಅದಕ್ಕೆ ಆದೇಶವಿಲ್ಲ ಎಂದರು. ಇದು ಆ ಮನುಷ್ಯರ ದೋಷವೆಂದು ನಾನು ತಿಳಿಯುವುದಿಲ್ಲ. ಕೊಳವೆಯೊಳಗೆ ರಾತ್ರಿಯಿಡೀ ನಿಂತ ಮೊದಲ ಬಿಂದಿಗೆಯಲ್ಲೇ ಸೀಸ ಇರುವುದು. ಫ್ಲಿಂಟಿನಲ್ಲಿ ಪರೀಕ್ಷೆಗೆ ಮುಂಚೆ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಡಿ ಎಂದು ಇಲಾಖೆಯೇ ಜನರಿಗೆ ಹೇಳಿಕೊಟ್ಟಿತ್ತು, ಅಂದರೆ ಕಳ್ಳನನ್ನು ಹೊರಗೆ ಕಳಿಸಿ ಆಮೇಲೆ ಮನೆ ಜಫ್ತಿ. ನಾವು ಅಷ್ಟೂ ಕಷ್ಟಪಡುವುದಿಲ್ಲ, ಮನೆಗೇ ಹೋಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈ ಮದ್ದಿಗೆ ಇರುವ ದೊಡ್ಡ ದೋಷ ಅದರ ಅಗ್ಗದ ಬೆಲೆ. ಕೊಳವೆಗೆ ಕೋಟಿಗಳ ಟೆಂಡರುಂಟು, ತುಕ್ಕು ಹಿಡಿದ ಕೊಳವೆಗೆ ಮತ್ತೆ ಕೋಟಿಗಳ ಟೆಂಡರುಂಟು. ಅರ್ಧ ಟನ್ನು ಕಲ್ಲಿನಲ್ಲಿ ಕಂಟ್ರಾಕ್ಟುದಾರನಿಗೆ ಏನು ಗಿಟ್ಟೀತು, ಅವನಿಂದ ಮೇಲಿನವರಿಗೆ ಏನು ಮುಟ್ಟೀತು? ಯಾರಿಗೂ ಪಾಲು ಸಿಗದ ಯೋಜನೆಗೆ ಈ ದೇಶದಲ್ಲಿ ಅಪ್ಪ ಅಮ್ಮ ಇಲ್ಲ.

ಪಾಲು ಸಿಗುವ ಯೋಜನೆಯ ವೈಖರಿಯನ್ನೂ ನೋಡಿ. ಸರಕಾರ ಕೈಬಿಟ್ಟ ಕಡೆ ಅಂಗಡಿ ಬಾಗಿಲು ತೆರೆಯುತ್ತದೆ. ಪೇಟೆಯ ಪ್ರತಿ ಮನೆಗೂ ಆರ್‌ಒ ಯಂತ್ರ. ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಲವಣವಿರುವ ನೀರಿಗೆ ಈ ಯಂತ್ರ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತು. ಆದರೂ ಮೊದಲೇ ಖನಿಜವಿಲ್ಲದ ಮಲೆನಾಡಿನ ನೀರಿನಿಂದ ಉಳಿದದ್ದನ್ನೂ ಹಿಂಡಿ ತೆಗೆದು, ಒಂದಿಷ್ಟು ನೀರನ್ನು ಬಚ್ಚಲಿಗೆ ಬಿಟ್ಟು, ಆ ಹಿಂಡಿದ ನೀರಿಗೆ ಮತ್ತೆ ಖನಿಜ ಸೇರಿಸಲೆಂದು ಇನ್ನೊಂದು ಕೊಳವೆಯನ್ನು ಬೇರೆ ಮಾರುತ್ತಾರೆ. ಅದನ್ನು ಒಡೆದು ನೋಡಿದರೆ ಒಳಗಿರುವ ಚೂರುಗಳಲ್ಲಿ ಇದೇ ಸುಣ್ಣದಕಲ್ಲು! ಬಡವನ ಹಳ್ಳಿಗೆ ಲಾರಿಯಲ್ಲಿ ಬರಬೇಕಾದ ಕಲ್ಲು ಉಳ್ಳವರ ಅಡಿಗೆಮನೆಗೆ ಪ್ಲಾಸ್ಟಿಕ್ ಅಂಗಿ ತೊಟ್ಟು ಬರುತ್ತದೆ. ಕೊಳ್ಳಲಾರದವರು ನಲ್ಲಿಗೆ ಬಾಯಿ ಕೊಡಬೇಕು.

ಇದಕ್ಕೆ ಎದುರಾಗಿ ಕೇಳಿಬರುವ ಮಾತುಗಳು ನಮಗೆ ಗೊತ್ತಿವೆ. ಸುಣ್ಣದ ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆಂದು ಹೆದರಿಸುವವರಿದ್ದಾರೆ. ಮೇಲಿನ ಲೆಕ್ಕದಲ್ಲಿ ಲೀಟರಿಗೆ ಸೇರುವ ಕ್ಯಾಲ್ಸಿಯಂ ಒಂಬತ್ತು ಮಿಲಿಗ್ರಾಮು. ಒಂದು ಲೋಟ ಹಾಲಿನಲ್ಲಿ ಅದರ ಇಪ್ಪತ್ತು ಪಟ್ಟು ಇರುತ್ತದೆ. ಹಾಲು ಕುಡಿಯಬೇಡಿ ಎಂದು ಇವರು ಹೇಳಿದ್ದನ್ನು ನಾವು ಕೇಳಿಲ್ಲ. ನಮ್ಮಲ್ಲಿ ಫ್ಲಿಂಟಿನಂತೆ ಸೀಸದ ಕೊಳವೆಗಳಿಲ್ಲ ಎಂಬ ವಾದ ಇದಕ್ಕಿಂತ ತೂಕದ್ದು, ಅದರಲ್ಲಿ ನಿಜವೂ ಇದೆ. ನಮ್ಮ ದೇಶದ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆಯೆಂದು 2020ರಲ್ಲಿ ಯುನಿಸೆಫ್ ಸೇರಿ ಹೊರತಂದ ವರದಿ ಅಂದಾಜು ಮಾಡಿತು. ಅದರಲ್ಲಿ ನೀರಿಗಿಂತ ಹಳೆಯ ಬ್ಯಾಟರಿ ಒಡೆದು ಕರಗಿಸುವ ಗುಡಿಸಲುಗಳು, ಬಣ್ಣ, ಕಲಬೆರಕೆಯ ಅರಿಸಿನ ಮೊದಲಾದವುಗಳ ಪಾಲು ದೊಡ್ಡದು. ಒಪ್ಪೋಣ. ಆದರೆ ಬೇರೆ ಕಡೆಯಿಂದ ಅಷ್ಟು ವಿಷ ಬರುತ್ತಿರುವ ಮಗುವಿಗೆ ನಲ್ಲಿಯಿಂದಲೂ ಇನ್ನಷ್ಟು ಬರಲಿ ಎನ್ನುವುದು ಯಾವ ನ್ಯಾಯ? ನಮ್ಮ ನಲ್ಲಿಗಳಲ್ಲಿ ಸೀಸವಿಲ್ಲವೆಂದು ಗೊತ್ತಾಗಬೇಕಾದರೂ ಮೊದಲು ಅಳೆಯಬೇಕು.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನೂ ಅಲ್ಲ. ಜಿಲ್ಲೆಯ ಪ್ರತಿ ಅಂಗನವಾಡಿಯಲ್ಲಿ, ಸರಕಾರಿ ಶಾಲೆಯಲ್ಲಿ, ಸೋಮವಾರ ಬೆಳಿಗ್ಗೆ ಬಾಗಿಲು ತೆರೆದ ಕೂಡಲೆ ಹರಿಯಬಿಡದೆ ಮೊದಲ ಲೀಟರು ನೀರು ಹಿಡಿದು, ಸೀಸ, ತಾಮ್ರ, ಸತು, ಪಿಎಚ್, ಕ್ಷಾರ ಇಷ್ಟನ್ನು ಅಳೆದು, ಅಂಕಿಗಳನ್ನು ಶಾಲೆಯ ಗೋಡೆಯ ಮೇಲೆ ಬರೆಯಬೇಕು. ಫೈಲಿನಲ್ಲಿ ಅಲ್ಲ, ಗೋಡೆಯ ಮೇಲೆ. ಹೊಳೆಯಿಂದಲೋ ಮುರಕಲ್ಲಿನ ಬಾವಿಯಿಂದಲೋ ನೀರೆತ್ತುವ ಯೋಜನೆಗಳಲ್ಲಿ ನೀರು ಹಸಿದಿದೆಯೆಂದು ಕಂಡುಬಂದ ಕಡೆ, ಕ್ಲೋರೀನ್ ಹಾಕುವ ಕೋಣೆಗೆ ಮುಂಚೆ ಒಂದು ಕಲ್ಲಿನ ಹಾಸು ಕಟ್ಟಬೇಕು. ಟೆಂಡರಿನಲ್ಲಿ ಕೊಳವೆಯ ದಪ್ಪ ಬರೆಯುವವರು ನಲ್ಲಿಯ ಹಿತ್ತಾಳೆಯಲ್ಲಿ ಸೀಸ ಎಷ್ಟಿರಬಹುದೆಂಬುದನ್ನೂ ಬರೆಯಬೇಕು.

ಮುಂದಿನ ಗ್ರಾಮಸಭೆಗೆ ಹೋಗುವ ನಮ್ಮ ಓದುಗರು ಒಂದು ಖಾಲಿ ಬಾಟಲಿ ಹಿಡಿದುಕೊಂಡು ಹೋಗಲಿ. ಅಧ್ಯಕ್ಷರ ಮೇಜಿನ ಮೇಲೆ ಇಟ್ಟು, ನಾಳೆ ಬೆಳಿಗ್ಗೆ ನಿಮ್ಮ ಮನೆಯ ನಲ್ಲಿಯ ಮೊದಲ ನೀರನ್ನು ಇದರಲ್ಲಿ ಹಿಡಿದು ಕೊಡುತ್ತೀರಾ ಎಂದು ಕೇಳಲಿ. ಅವರು ಏನು ಹೇಳಿದರೆಂಬುದನ್ನು ಊರಿನ ಹೆಸರು ಸಹಿತ ನಮಗೆ ಬರೆದು ಕಳಿಸಿದರೆ ಬಂದ ಉತ್ತರಗಳನ್ನೆಲ್ಲ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.